ಸಾಧು ನಾಯಿ ಯಾಕೆ ಕಚ್ಚಿತು?

ಫೋನು ಮಾಡುವವರೆಲ್ಲ ಹೆಚ್ಚುಕಡಿಮೆ ಒಂದೇ ರೀತಿಯಲ್ಲಿ ಮಾತು ಶುರುಮಾಡುತ್ತಾರೆ. "ಡಾಕ್ಟ್ರೇ, ನಮ್ಮ ನಾಯಿ ಎಷ್ಟು ಸಾಧು ಅಂತ ನಿಮಗೇ ಗೊತ್ತುಂಟಲ್ಲ. ಇವತ್ತು ಇದ್ದಕ್ಕಿದ್ದ ಹಾಗೆ ಮಗನ ಕೈಗೆ ಬಾಯಿ ಹಾಕಿಬಿಡ್ತು." ಕರೆ ಕಾರವಾರದ ಕಾಜುಬಾಗದಿಂದ ಬರಲಿ, ಅಂಕೋಲೆ ತಾಲೂಕಿನ ಅವರ್ಸಾದಿಂದ ಬರಲಿ, ದನಿಯಲ್ಲಿ ಗಾಬರಿಗಿಂತ ಹೆಚ್ಚಾಗಿ ನಂಬಿದವರು ಕೈಬಿಟ್ಟ ನೋವಿರುತ್ತದೆ. ಅವರಿಗೆ ನಾಯಿಯ ವಿಷಯ ಹೇಳುವ ಆತುರ. ನಾನು ಮೊದಲು ಕೇಳುವುದು ಮಗನ ಕೈಯ ವಿಷಯ. ಚರ್ಮ ಒಡೆದಿದೆಯೇ? ರಕ್ತ ಬಂದಿದೆಯೇ? ಸೋಪು ಹಾಕಿ ತೊಳೆದಿರಾ, ಎಷ್ಟು ಹೊತ್ತು ತೊಳೆದಿರಿ? ಅದಕ್ಕೆ ಉತ್ತರ ಸಿಕ್ಕಿದ ಮೇಲೆಯೇ ನಾಯಿಯ ಕಥೆ.

ನಾನು ಪಶುವೈದ್ಯ. ಹೆಬ್ಬಾಳದ ಕಾಲೇಜಿನಲ್ಲಿ ಓದಿ ಬಂದ ಮೇಲೆ ಕೆಲಸದ ಬಹುಭಾಗ ಕಾರವಾರ, ಅಂಕೋಲೆ ತಾಲೂಕುಗಳಲ್ಲೇ ಕಳೆಯಿತು. ಆಗೆಲ್ಲ ದನ, ಎಮ್ಮೆಗಳದ್ದೇ ಕೆಲಸ. ನಾಯಿಯನ್ನು ಆಸ್ಪತ್ರೆಗೆ ತರುವುದೆಂದರೆ ಜನ ತಿರುಗಿ ನೋಡುತ್ತಿದ್ದರು. ಈಗ ಕೊಟ್ಟಿಗೆಗಳು ಖಾಲಿಯಾಗಿವೆ, ಮನೆಮನೆಯಲ್ಲಿ ಲ್ಯಾಬ್ರಡಾರ್, ಪೊಮೆರೇನಿಯನ್ ಬಂದಿವೆ. ನಾಯಿಯನ್ನು ಅಂಗಳದಿಂದ ಒಳಮನೆಗೆ, ಸೋಫಾದ ಮೇಲಕ್ಕೆ ಕರೆದುಕೊಂಡೆವು. ಅದರ ಮೈಯಲ್ಲಿ ಏನು ನಡೆಯುತ್ತಿದೆ ಎಂದು ನೋಡುವ ಅಭ್ಯಾಸ ಮಾತ್ರ ಅಷ್ಟೇ ವೇಗದಲ್ಲಿ ಬೆಳೆಯಲಿಲ್ಲ.

ವರ್ಷಗಟ್ಟಲೆ ಸಾಧುವಾಗಿದ್ದ ನಾಯಿ ಕಚ್ಚಿತೆಂದರೆ ಅದರ ಗುಣ ಕೆಟ್ಟಿತೆಂದು ತಿಳಿಯಬೇಡಿ, ಅದಕ್ಕೆ ಏನೋ ಆಗಿದೆ ಎಂದು ತಿಳಿಯಿರಿ. ಜ್ವರ ಹೇಗೆ ಒಂದು ಲಕ್ಷಣವೋ ಈ ಸಿಟ್ಟೂ ಹಾಗೆಯೇ ಒಂದು ಲಕ್ಷಣ. ಅದರ ಹಿಂದೆ ಏನಿದೆ ಎಂದು ಹುಡುಕಬೇಕು.

ಮೊದಲು ನೆನಪಾಗಬೇಕಾದದ್ದು ರೇಬಿಸ್. ಲಸಿಕೆ ಆದ ಸಾಕುನಾಯಿಗಳಲ್ಲಿ ಹೆಚ್ಚಿನ ಸಲ ಕೊನೆಗೆ ಬೇರೆ ಕಾರಣವೇ ಸಿಗುತ್ತದೆ. ಆದರೂ ಮೊದಲು ಅದನ್ನೇ ನೆನೆಯಬೇಕು. ಏಕೆಂದರೆ ಲಕ್ಷಣ ಕಾಣಿಸಿಕೊಂಡ ಮೇಲೆ ನಾಯಿಗೂ ಮದ್ದಿಲ್ಲ, ಮನುಷ್ಯನಿಗೂ ಮದ್ದಿಲ್ಲ. ಹರಿಯುವ ನೀರಿನ ಕೆಳಗೆ ಸೋಪು ಹಚ್ಚಿ ಪೂರ್ತಿ 15 ನಿಮಿಷ ಗಾಯ ತೊಳೆಯಬೇಕು. ಗಡಿಯಾರ ನೋಡಿಕೊಂಡು ತೊಳೆಯಿರಿ, ಅಂದಾಜಿನ 15 ನಿಮಿಷ ಎರಡು ನಿಮಿಷಕ್ಕೇ ಮುಗಿದುಹೋಗುತ್ತದೆ. ಆಮೇಲೆ ಅದೇ ದಿನ ಕಾರವಾರದವರು ಕ್ರಿಮ್ಸ್ ಆಸ್ಪತ್ರೆಗೆ, ಅಂಕೋಲೆಯವರು ತಾಲೂಕು ಆಸ್ಪತ್ರೆಗೆ ಹೋಗಬೇಕು. ಚರ್ಮದ ಪದರಕ್ಕೆ ಕೊಡುವ ಚುಚ್ಚುಮದ್ದಾದರೆ ಮೊದಲ ದಿನ, ಆಮೇಲೆ 3, 7 ಮತ್ತು 28ನೇ ದಿನ. ರಕ್ತ ಬಂದ ಗಾಯವಾಗಿದ್ದರೆ ಇದರ ಜೊತೆಗೆ ಗಾಯದ ಸುತ್ತಲೇ ಇಮ್ಯುನೋಗ್ಲಾಬ್ಯುಲಿನ್ ಕೊಡಬೇಕಾಗುತ್ತದೆ. ಅದನ್ನು ನೀವೇ ಕೇಳಿ ತಿಳಿದುಕೊಳ್ಳಿ. ಹೊಕ್ಕುಳ ಸುತ್ತ 14 ಸೂಜಿ ಎಂಬ ಹೆದರಿಕೆ ನಮ್ಮ ಹಿರಿಯರಲ್ಲಿ ಇನ್ನೂ ಇದೆ. ಆ ಹಳೆಯ ಲಸಿಕೆಯನ್ನು ದೇಶ ಕೈಬಿಟ್ಟು ಎರಡು ದಶಕವಾಯಿತು.

ಇಲ್ಲಿಯೇ ನಮ್ಮ ಸೀಮೆಯ ಇನ್ನೊಂದು ಮಾತನ್ನೂ ಹೇಳಬೇಕು. ಅಂಕೋಲೆಯ ಕಡೆ ನಾಟಿ ಔಷಧದ ಮೇಲೆ ಜನರಿಗೆ ದೊಡ್ಡ ನಂಬಿಕೆ. ಪಾರ್ಶ್ವವಾಯುವಿಗೆ ಬೆಳಂಬಾರಕ್ಕೆ ದೂರದೂರದಿಂದ ಜನ ಬರುತ್ತಾರೆ. ಆ ಪರಂಪರೆಯ ಬಗ್ಗೆ ನನಗೆ ಗೌರವವಿದೆ. ಆದರೆ ನಾಯಿ ಕಚ್ಚಿದ ಗಾಯಕ್ಕೆ ಸುಣ್ಣ, ಮೆಣಸಿನ ಪುಡಿ, ಕಾಫಿ ಪುಡಿ ಮೆತ್ತಿಕೊಂಡು ಬಂದವರನ್ನು ನೋಡಿದಾಗ ಹೊಟ್ಟೆ ಉರಿಯುತ್ತದೆ. ರೇಬಿಸ್‌ಗೆ ಬೇರಿಲ್ಲ, ಸೊಪ್ಪಿಲ್ಲ, ಮಂತ್ರವಿಲ್ಲ. ವೈರಾಣು ನರ ಹಿಡಿದು ಮಿದುಳಿಗೆ ಏರುವ ಮೊದಲು ಲಸಿಕೆ ಮೈಯಲ್ಲಿ ಕೆಲಸ ಶುರುಮಾಡಬೇಕು, ಅದೊಂದೇ ದಾರಿ.

ಹುಚ್ಚು ಹಿಡಿದ ನಾಯಿ ಎಂದರೆ ಬಾಯಲ್ಲಿ ನೊರೆ ಸುರಿಸುತ್ತ ಬೀದಿಯಲ್ಲಿ ಓಡುವ ನಾಯಿ ಎಂದೇ ನಮ್ಮ ಕಲ್ಪನೆ. ಶುರುವಿನಲ್ಲಿ ಹಾಗಿರುವುದಿಲ್ಲ. ಮೊದಲು ಬದಲಾಗುವುದು ನಡವಳಿಕೆ. ಸಾಧು ನಾಯಿ ಸಿಡುಕುತ್ತದೆ, ಸಿಡುಕಿನ ನಾಯಿ ಮೈಗೆ ಅಂಟಿಕೊಂಡು ನೆಕ್ಕತೊಡಗುತ್ತದೆ. ಮಂಚದ ಕೆಳಗೆ, ಕತ್ತಲೆಗೆ ಸೇರಿಕೊಳ್ಳುತ್ತದೆ. ಕಟ್ಟಿಗೆ, ಮಣ್ಣು ಕಚ್ಚುತ್ತದೆ. ಬೊಗಳುವ ದನಿ ಒಡೆಯುತ್ತದೆ. ಇನ್ನೊಂದು ಬಗೆಯ ರೇಬಿಸ್‌ನಲ್ಲಿ ಸಿಟ್ಟೇ ಇರುವುದಿಲ್ಲ, ಕೆಳದವಡೆ ಜೋತುಬಿದ್ದು ಜೊಲ್ಲು ಸುರಿಯುತ್ತದೆ, ನುಂಗಲಾಗುವುದಿಲ್ಲ. ಕರಾವಳಿಯವರಿಗೆ ಇದು ಅತ್ಯಂತ ಅಪಾಯದ ರೂಪ. ನಮ್ಮಲ್ಲಿ ನಾಯಿಗೆ ಹಾಕುವುದು ಅನ್ನ, ಮೀನು. ಬಾಯಿ ತೆರೆದುಕೊಂಡು ಜೊಲ್ಲು ಸುರಿಸುವ ನಾಯಿಯನ್ನು ಕಂಡ ಕೂಡಲೇ ಮನೆಯವರು ಮೀನಿನ ಮುಳ್ಳು ಸಿಕ್ಕಿಕೊಂಡಿದೆ ಎಂದು ಗಂಟಲಿಗೆ ಬೆರಳು ಹಾಕುತ್ತಾರೆ. ದಯವಿಟ್ಟು ಹಾಕಬೇಡಿ. ಮುಳ್ಳೇ ಇದ್ದರೂ ಅದನ್ನು ತೆಗೆಯುವುದು ನಮ್ಮ ಕೆಲಸ, ನಮ್ಮ ಕೈಗೆ ಗವಸು ಇದೆ, ಮೈಯಲ್ಲಿ ಮುಂಜಾಗ್ರತೆಯ ಲಸಿಕೆ ಇದೆ.

ಕಚ್ಚಿದ ನಾಯಿಯನ್ನು ಸಿಟ್ಟಿನ ಭರದಲ್ಲಿ ಬಡಿದು ಕೊಲ್ಲುವುದನ್ನು, ಇಲ್ಲವೇ ಗೋಣಿಚೀಲದಲ್ಲಿ ಕಟ್ಟಿ ಕಾಳಿ ಸೇತುವೆಯ ಆಚೆ ಬಿಟ್ಟುಬರುವುದನ್ನು ಕೇಳಿದ್ದೇನೆ. ಕ್ರೌರ್ಯದ ಮಾತು ಹಾಗಿರಲಿ, ಇದರಿಂದ ಮನೆಯವರಿಗೇ ನಷ್ಟ. ಆ ನಾಯಿಯೇ ನಿಮ್ಮ ಸಾಕ್ಷಿ. ಕಚ್ಚುವ ಹೊತ್ತಿಗೆ ಜೊಲ್ಲಿನಲ್ಲಿ ರೇಬಿಸ್ ವೈರಾಣು ಇದ್ದ ನಾಯಿ ಹತ್ತು ದಿನದೊಳಗೆ ಲಕ್ಷಣ ತೋರಿಸಿ ಸಾಯುತ್ತದೆ. ಹತ್ತು ದಿನ ಗಟ್ಟಿಮುಟ್ಟಾಗಿ ಉಂಡುಕೊಂಡಿದ್ದರೆ ಆ ಕಡಿತದಿಂದ ರೇಬಿಸ್ ಬರುವುದಿಲ್ಲ. ಹಾಗಾಗಿ ಅದನ್ನು ಒಂದು ಕೋಣೆಯಲ್ಲಿ ಬೇರೆ ಇಟ್ಟು, ದೂರದಿಂದಲೇ ಊಟ ನೀರು ಕೊಟ್ಟು ನೋಡಿಕೊಳ್ಳಿ. ಕಚ್ಚಿಸಿಕೊಂಡವರ ಚುಚ್ಚುಮದ್ದು ಮಾತ್ರ ಈ ಹತ್ತು ದಿನಕ್ಕೆ ಕಾಯಬಾರದು, ಅದು ಅಂದೇ ಶುರುವಾಗಬೇಕು. ಮುಂದಿನ ಡೋಸ್ ಬೇಕೋ ಬೇಡವೋ ಎಂಬುದನ್ನು ವೈದ್ಯರು ಹೇಳುತ್ತಾರೆ. ನಾಯಿ ಸತ್ತರೆ ಹೂಳುವ ಮೊದಲು ಪಶು ಆಸ್ಪತ್ರೆಗೆ ತಿಳಿಸಿ. ಖಚಿತವಾಗಿ ಹೇಳಬಲ್ಲದ್ದು ಮಿದುಳಿನ ಪರೀಕ್ಷೆ ಮಾತ್ರ, ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನಲ್ಲಿ ಅದಕ್ಕೆಂದೇ ಪ್ರಯೋಗಾಲಯವಿದೆ.

ಮಾಜಾಳಿ ದಾಟಿದರೆ ಗೋವಾ. ಅಲ್ಲಿ ಸರಕಾರವೂ ಮಿಷನ್ ರೇಬಿಸ್ ಎಂಬ ಸಂಸ್ಥೆಯೂ ಸೇರಿ ಊರೂರಿನ ನಾಯಿಗಳಿಗೆ ವರ್ಷ ವರ್ಷ ಲಸಿಕೆ ಹಾಕಿಸಿದರು. 2021ರಲ್ಲಿ ಗೋವಾ ದೇಶದ ಮೊದಲ ರೇಬಿಸ್ ನಿಯಂತ್ರಿತ ರಾಜ್ಯ ಎಂದು ಘೋಷಿಸಿಕೊಂಡಿತು. ಗಡಿಯ ಈಚೆ ಇರುವ ನಮಗೆ ಅದೇ ಕೆಲಸ ಆಗದಿರುವುದಕ್ಕೆ ಕಾರಣವೇ ಇಲ್ಲ. ಸಾಕುನಾಯಿಗೆ ಮೂರು ತಿಂಗಳಾದಾಗ ಒಂದು ಲಸಿಕೆ, ಆಮೇಲೆ ವೈದ್ಯರು ಹೇಳಿದ ದಿನಕ್ಕೆ ಬೂಸ್ಟರ್, ಮುಂದೆ ವರ್ಷಕ್ಕೊಂದು. ಇಷ್ಟೇ.

ರೇಬಿಸ್ ಅಲ್ಲ ಎಂದು ನಂಬಿಕೆ ಬಂದ ಮೇಲೆ ನಾನು ಹುಡುಕುವುದು ನೋವು.

ಕಾರವಾರದ ಹಬ್ಬುವಾಡದಲ್ಲಿ ಬ್ರೂನೊ ಎಂಬ ಲ್ಯಾಬ್ರಡಾರ್ ಇತ್ತು. ಶಾಲೆಗೆ ಹೋಗುವ ಹುಡುಗಿ ದಿನಾ ಸಂಜೆ ಬಂದು ಅದರ ಕುತ್ತಿಗೆ ತಬ್ಬಿಕೊಳ್ಳುತ್ತಿದ್ದಳು. ಒಂದು ಆಗಸ್ಟ್ ಸಂಜೆ ಹಾಗೆ ತಬ್ಬಿದಾಗ ಅದು ತಿರುಗಿ ಕೆನ್ನೆಗೆ ಹಲ್ಲು ತಾಗಿಸಿತು. ಮನೆಯವರು ನಾಯಿಯನ್ನು ಯಾರಿಗಾದರೂ ಕೊಟ್ಟುಬಿಡುವ ಮಾತಾಡುತ್ತಿದ್ದರು. ನಾನು ಹೋಗಿ ಅದರ ಕಿವಿಯ ಹಾಳೆ ಎತ್ತಿದೆ. ಎತ್ತುವ ಮೊದಲೇ ವಾಸನೆ ಬಂತು. ಒಳಗೆಲ್ಲ ಕೆಂಪಾಗಿ, ಕಂದು ಬಣ್ಣದ ಕೀವು ಕಟ್ಟಿತ್ತು. ನಾಯಿಯ ಕಿವಿಯ ನಾಳ ಮೊದಲು ಕೆಳಕ್ಕಿಳಿದು ಆಮೇಲೆ ಒಳಕ್ಕೆ ತಿರುಗುತ್ತದೆ, ಮೇಲೆ ಜೋಲುಗಿವಿಯ ಮುಚ್ಚಳ ಬೇರೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗೋಡೆಯೇ ಬೆವರುವ ನಮ್ಮ ಊರಿನಲ್ಲಿ ಅದರೊಳಗೆ ಶಿಲೀಂಧ್ರ ಬೆಳೆಯಲು ಇನ್ನೇನು ಬೇಕು? ಬ್ರೂನೊ ವಾರಗಳಿಂದ ತಲೆ ಕೊಡವುತ್ತಿತ್ತಂತೆ, ಗೋಡೆಗೆ ಕಿವಿ ಉಜ್ಜುತ್ತಿತ್ತಂತೆ. ಹುಡುಗಿ ತಬ್ಬಿದ್ದು ಸರಿಯಾಗಿ ಆ ಕಿವಿಯ ಮೇಲೆಯೇ. ಕಿವಿ ತೊಳೆದು, ಔಷಧ ಹಾಕಿ, ಪೂರ್ತಿ ವಾಸಿಯಾಗಲು ಕೆಲವು ವಾರ ಹಿಡಿಯಿತು. ನಾಯಿ ಅದೇ ಮನೆಯಲ್ಲಿ ಉಳಿಯಿತು.

ನಾಯಿ ನೋವನ್ನು ಅಡಗಿಸಿಕೊಂಡು ಬದುಕುವ ಪ್ರಾಣಿ. ಕುಂಟದೆ ನಡೆಯುತ್ತದೆ, ಬಾಲ ಆಡಿಸುತ್ತದೆ, ಆದರೆ ಸೊಂಟ ಮುಟ್ಟಿದರೆ ಬಾಯಿ ಹಾಕುತ್ತದೆ. ನಯವಾದ ಟೈಲ್ಸ್ ನೆಲದಲ್ಲಿ ಜಾರಿ ಜಾರಿ ಬೆಳೆದ ಭಾರದ ನಾಯಿಗಳ ಸೊಂಟದ ಕೀಲು ಸವೆಯುತ್ತದೆ, ಮೊಮ್ಮಗ ಬೆನ್ನೇರಿದ ದಿನ ಆ ವಿಷಯ ಮನೆಯವರಿಗೆ ತಿಳಿಯುತ್ತದೆ. ಉಣ್ಣಿಜ್ವರ ಬಂದ ನಾಯಿಗೆ ಮೈಕೈಯೆಲ್ಲ ನೋವು. ಬೇಲೇಕೇರಿಯಲ್ಲಿ ಕಾಳು ಎಂಬ ನಾಯಿ ಮೂರು ಜನರ ಮೇಲೆ ಎಗರಿತ್ತು. ನೋಡಿದರೆ ತುಟಿಯ ಒಳಗೆ ಮೀನಿನ ಗಾಳ ನಾಟಿಕೊಂಡು ಸುತ್ತ ಮಾಂಸ ಊದಿತ್ತು. ಮಂಪರು ಮದ್ದು ಕೊಟ್ಟು, ಗಾಳದ ಕೊಕ್ಕೆಯನ್ನು ಮುಂದಕ್ಕೆ ತಳ್ಳಿ ಹೊರಬಂದ ಮುಳ್ಳನ್ನು ಕತ್ತರಿಸಿ ತೆಗೆಯಬೇಕಾಯಿತು. ಇನ್ನು ಹಲ್ಲು: ವಯಸ್ಸಾದ ನಾಯಿ ಬಟ್ಟಲಿನ ಮುಂದೆ ಗುರುಗುಟ್ಟುತ್ತಿದ್ದರೆ ಅದರ ದವಡೆಹಲ್ಲು ನೋಡಿಸಿ.

ಇಲ್ಲಿ ಒಂದು ಎಚ್ಚರಿಕೆ. ನೋವಿದೆ ಎಂದು ಗೊತ್ತಾದ ಕೂಡಲೇ ಮನೆಯಲ್ಲಿರುವ ನೋವಿನ ಗುಳಿಗೆ ನುಂಗಿಸಬೇಡಿ. ನಾವು ನುಂಗುವ ಐಬುಪ್ರೊಫೆನ್, ಡೈಕ್ಲೊಫೆನಾಕ್ ನಾಯಿಯ ಹೊಟ್ಟೆಯಲ್ಲಿ ಹುಣ್ಣು ಮಾಡುತ್ತವೆ, ಮೂತ್ರಪಿಂಡ ಕೆಡಿಸುತ್ತವೆ. ಪ್ಯಾರಾಸಿಟಮಾಲ್ ಕೂಡ ಅಳತೆ ತಪ್ಪಿದರೆ ಯಕೃತ್ತಿಗೆ ಅಪಾಯ. ನಾಯಿಗೆಂದೇ ಸುರಕ್ಷಿತವಾದ ಔಷಧಗಳಿವೆ, ತೂಕ ನೋಡಿ ಕೊಡುತ್ತೇವೆ.

ಮುಪ್ಪಿನ ನಾಯಿಗಳ ಕಥೆ ಬೇರೆ. ಕಣ್ಣಿಗೆ ಪೊರೆ ಬಂದಿರುತ್ತದೆ, ಕಿವಿ ಮಂದವಾಗಿರುತ್ತದೆ. ರಾತ್ರಿ ನೀರು ಕುಡಿಯಲು ಎದ್ದವರು ದಾಟಿಹೋಗುವಾಗ ಬೆಚ್ಚಿಬಿದ್ದು ಕಚ್ಚುತ್ತವೆ. ಮನುಷ್ಯರಿಗೆ ಬರುವಂಥ ಮರೆವಿನ ಕಾಯಿಲೆ ನಾಯಿಗಳಿಗೂ ಬರುತ್ತದೆ. ನಡುರಾತ್ರಿ ಸುಮ್ಮನೆ ಸುತ್ತುತ್ತವೆ, ಮೂಲೆಯಲ್ಲಿ ಗೋಡೆಗೆ ಮುಖಮಾಡಿ ನಿಲ್ಲುತ್ತವೆ, ಹತ್ತು ವರ್ಷದಿಂದ ಹೊರಗೆ ಹೋಗುತ್ತಿದ್ದವು ಒಳಗೇ ಉಚ್ಚೆ ಹೊಯ್ಯುತ್ತವೆ. ಅಂಥ ನಾಯಿಯನ್ನು ಮುಟ್ಟುವ ಮೊದಲು ನೆಲದ ಮೇಲೆ ಕಾಲು ಗಟ್ಟಿಯಾಗಿ ಊರಿ, ಹೆಸರು ಕರೆದು, ಎದುರಿನಿಂದ ಬನ್ನಿ. ರಾತ್ರಿ ಒಂದು ಸಣ್ಣ ದೀಪ ಹಚ್ಚಿಡಿ.

ಮೈಯಲ್ಲಿ ಏನೂ ಇಲ್ಲದೆ ಬರೀ ಹೆದರಿಕೆಯಿಂದ ಕಚ್ಚುವ ನಾಯಿಗಳೂ ಇವೆ. ನನಗೆ ಹೆಚ್ಚು ಕಲಿಸಿದ್ದು ಅಂಕೋಲೆ ತಾಲೂಕಿನ ಹಿಲ್ಲೂರು ಕಡೆಯ ಒಂದು ತೋಟದ ಮನೆಯ ನಾಯಿ. ಹೆಸರು ರಾಜ, ಊರ ತಳಿ, ಆರು ವರ್ಷ. ಬೆಳಿಗ್ಗೆಯೆಲ್ಲ ಯಜಮಾನರ ಹಿಂದೆ ತೋಟ ಸುತ್ತುತ್ತಿತ್ತು, ಸಂಜೆ ಕಟ್ಟಲು ಹೋದರೆ ಅವರ ಮೇಲೆಯೇ ಏರಿಬರುತ್ತಿತ್ತು. ಎರಡು ಸಲ ಅಂಗೈಗೆ ಕಚ್ಚಿತ್ತು. ಅವರು ಮಂಡಿ ಊರಿ ಕುಳಿತು ಅಳುವುದಷ್ಟೇ ಬಾಕಿ. ಪರೀಕ್ಷೆ ಮಾಡಿದೆ, ಕಿವಿ, ಹಲ್ಲು, ಕೀಲು ಎಲ್ಲ ಸರಿಯಿತ್ತು. ಯಾವ ಹೊತ್ತಿಗೆ ಕಚ್ಚುತ್ತದೆ ಎಂದು ಕೇಳಿದೆ. ಕತ್ತಲಾಗುವ ಹೊತ್ತಿಗೆ, ಸರಪಣಿ ಕೈಯಲ್ಲಿದ್ದಾಗ. ಆಗ ಒಳಗಿನಿಂದ ಅವರ ತಾಯಿ ಹೇಳಿದರು: "ಚಿರತೆ ಅಂಗಳಕ್ಕೆ ಬಂದು ಹೋದ ಮೇಲೆ ಇದು ಹೀಂಗೆ ಮಾಡ್ತದೆ."

ಘಟ್ಟದ ಬುಡದ ನಮ್ಮ ಹಳ್ಳಿಗಳಲ್ಲಿ ಚಿರತೆ ನಾಯಿಯನ್ನೇ ಹುಡುಕಿಕೊಂಡು ಬರುತ್ತದೆ. ಬಿಚ್ಚಿದ ನಾಯಿ ಓಡಿ ಒಳಗೆ ಸೇರಬಹುದು. ಸರಪಣಿಯಲ್ಲಿರುವ ನಾಯಿ ಎಲ್ಲಿಗೆ ಓಡಬೇಕು? ಯಜಮಾನರು ಸರಪಣಿ ತಂದಾಗ ರಾಜನಿಗೆ ಕಂಡದ್ದು ಆ ರಾತ್ರಿ. ಕೊಟ್ಟಿಗೆಯ ಗೋಡೆಗೆ ಒತ್ತಿ, ಮೇಲೂ ಸುತ್ತಲೂ ದಪ್ಪ ಕಬ್ಬಿಣದ ಜಾಳಿಗೆಯ ಗೂಡು ಮಾಡಿಸಿದರು. ಮೊದಲು ಹಗಲು ಹೊತ್ತಿನಲ್ಲಿ ಅದರೊಳಗೆ ಮೀನು ಹಾಕಿ ರೂಢಿ ಮಾಡಿಸಿದರು. ಸರಪಣಿ ಅಟ್ಟಕ್ಕೆ ಹೋಯಿತು. ರಾಜ ಆಮೇಲೆ ಯಾರನ್ನೂ ಕಚ್ಚಲಿಲ್ಲ.

ಕಾರವಾರ ಪೇಟೆಯ ನಾಯಿಗಳ ಹೆದರಿಕೆ ಬೇರೆ ಬಗೆಯದು. ದೀಪಾವಳಿಯ ಪಟಾಕಿಯದ್ದು ಎಲ್ಲರಿಗೂ ಗೊತ್ತು. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆ ನಿಂತಾಗ ಬೈತಖೋಲ ಬಂದರಿನಲ್ಲಿ ಮೀನು ತಿಂದು ಬದುಕುವ ನಾಯಿಗಳು ಹಸಿದು ಊರೊಳಗೆ ಬರುತ್ತವೆ. ಗೇಟಿನ ಒಳಗೆ ಸಾಕುನಾಯಿ, ಹೊರಗೆ ಬೀದಿನಾಯಿ, ನಡುವೆ ಸರಳು. ಆ ಜಗಳದ ಮಧ್ಯೆ ಯಜಮಾನಿ ಕೊರಳಪಟ್ಟಿ ಹಿಡಿದು ಎಳೆದರೆ ಅವಳ ಕೈಗೇ ಕಡಿತ. ಆ ಗಳಿಗೆಯಲ್ಲಿ ನಾಯಿಗೆ ಕೈ ಯಾರದೆಂದು ತಿಳಿದಿರುವುದಿಲ್ಲ. ಬಕೆಟ್ ನೀರು ಎರಚಿ, ಗೇಟಿಗೆ ತಗಡು ಮುಚ್ಚಿ, ಕೈ ಮಾತ್ರ ಹಾಕಬೇಡಿ. ಮರಿ ಹಾಕಿದ ಹೆಣ್ಣುನಾಯಿಯ ಸಿಟ್ಟನ್ನು ವಿವರಿಸಬೇಕಾಗಿಲ್ಲ. ಆದರೆ ಬೆದೆ ಮುಗಿದು ಎರಡು ತಿಂಗಳಿಗೆ ಮರಿಯೇ ಇಲ್ಲದೆ ಹಾಲು ತುಂಬಿಕೊಂಡು, ಯಾರದೋ ಚಪ್ಪಲಿಯನ್ನು ಮರಿಯೆಂದು ಕಾಯುವ ನಾಯಿಯೂ ಕಚ್ಚುತ್ತದೆ. ಅದು ಸುಳ್ಳು ಬಸಿರು, ತಾನಾಗಿ ಇಳಿಯುತ್ತದೆ. ಮತ್ತೆ ಮತ್ತೆ ಆದರೆ ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿಸುವುದು ಲೇಸು.

ಜನ ನನ್ನೊಡನೆ ಹೆಚ್ಚು ವಾದ ಮಾಡುವುದು ಗುರುಗುಟ್ಟುವ ವಿಷಯಕ್ಕೆ. ನಾಯಿ ಗುರ್ ಅಂದರೆ ಹೊಡೆಯಬೇಕು, ಇಲ್ಲದಿದ್ದರೆ ತಲೆಗೇರುತ್ತದೆ ಎಂದು ಅವರ ಮಾತು. ಅರಬೈಲ್ ಘಟ್ಟದ ತಿರುವಿನಲ್ಲಿ ಲಾರಿ ಹೊಡೆಯುವ ಹಾರನ್ ಇದ್ದ ಹಾಗೆ ಆ ಗುರುಗುಟ್ಟುವಿಕೆ. ಹೊಡೆದು ಅದನ್ನು ನಿಲ್ಲಿಸಿದರೆ ಹೆದರಿಕೆಯಾಗಲಿ ನೋವಾಗಲಿ ಹೋಗುವುದಿಲ್ಲ, ಸೂಚನೆ ಮಾತ್ರ ಹೋಗುತ್ತದೆ. ಮುಂದಿನ ಸಲ ಅದು ಸದ್ದಿಲ್ಲದೆ ಕಚ್ಚುತ್ತದೆ. ಗುರ್ ಅನ್ನುವುದಕ್ಕೂ ಮೊದಲು ನಾಯಿ ಮುಖ ತಿರುಗಿಸಿರುತ್ತದೆ, ತುಟಿ ನೆಕ್ಕಿಕೊಂಡಿರುತ್ತದೆ, ಕಣ್ಣಿನ ಬಿಳಿ ಕಾಣುವಂತೆ ಓರೆಯಾಗಿ ನೋಡಿರುತ್ತದೆ, ಮೈ ಕಲ್ಲಾಗಿರುತ್ತದೆ. ಮಕ್ಕಳಿಗೆ ಇವನ್ನು ಓದಲು ಬರುವುದಿಲ್ಲ. ಆದ್ದರಿಂದ ಎಂಥ ಸಾಧು ನಾಯಿಯಾದರೂ ಸಣ್ಣ ಮಗುವಿನ ಜೊತೆ ಅದನ್ನು ಒಂಟಿಯಾಗಿ ಬಿಡಬೇಡಿ. ಉಣ್ಣುವ, ಮಲಗಿದ ನಾಯಿಯ ಹತ್ತಿರ ಮಗು ಹೋಗದ ಹಾಗೆ ನೋಡಿಕೊಳ್ಳಿ.

ಒಮ್ಮೆ ಕಚ್ಚಿದ ನಾಯಿಯನ್ನು ನನ್ನ ಹತ್ತಿರ ತರುವ ಮೊದಲು ಒಂದು ಕೆಲಸ ಮಾಡಿ. ಯಾವ ಹೊತ್ತು, ಯಾವ ಜಾಗ, ಯಾರು ಎಲ್ಲಿ ಮುಟ್ಟಿದರು, ಅದಕ್ಕೂ ಮೊದಲು ಏನಾಗುತ್ತಿತ್ತು ಎಂದು ಬರೆದಿಡಿ. ದೂರದಿಂದ ಮೊಬೈಲಿನಲ್ಲಿ ವಿಡಿಯೊ ತೆಗೆದಿಟ್ಟರೆ ಇನ್ನೂ ಒಳ್ಳೆಯದು, ಆಸ್ಪತ್ರೆಯ ಮೇಜಿನ ಮೇಲೆ ಎಲ್ಲ ನಾಯಿಗಳೂ ಬೇರೆಯೇ ನಾಯಿಗಳಾಗಿರುತ್ತವೆ. ಮೂತಿಗೆ ಹಾಕುವ ಬುಟ್ಟಿ, ಅಂಗಡಿಯಲ್ಲಿ ಮಜಲ್ ಅನ್ನುತ್ತಾರೆ, ತಂದಿಟ್ಟುಕೊಳ್ಳಿ. ಬಟ್ಟೆಯ ಬಿಗಿ ಪಟ್ಟಿ ಬೇಡ, ನಮ್ಮ ಸೆಕೆಯಲ್ಲಿ ನಾಯಿ ಬಾಯಿ ತೆರೆದು ಏದುಸಿರು ಬಿಡಲೇಬೇಕು. ಬುಟ್ಟಿಯೊಳಗೆ ತಿಂಡಿ ಇಟ್ಟು ತಾನಾಗಿ ಮೂತಿ ತೂರಿಸುವಂತೆ ಕಲಿಸಿ. ಹೆದರಿಕೆಯ ನಾಯಿಗೆ, ಅದು ಹೆದರುವ ವಸ್ತುವನ್ನು ಹೆದರಿಕೆ ಹುಟ್ಟದಷ್ಟು ದೂರದಲ್ಲಿ ತೋರಿಸಿ, ಇಷ್ಟದ ತಿಂಡಿ ಕೊಟ್ಟು, ದಿನದಿನಕ್ಕೆ ದೂರ ಕಡಿಮೆ ಮಾಡಬೇಕು. ತಿಂಗಳುಗಳ ಕೆಲಸ ಇದು. ಬೇಕಾದರೆ ಜೊತೆಗೆ ಮನಸ್ಸಿನ ಕಾಯಿಲೆಗೆ ಕೊಡುವಂಥ ಔಷಧವನ್ನೂ ಕೊಡುತ್ತೇವೆ.

ತಳಿಯ ಮೇಲೆ ತಪ್ಪು ಹೊರಿಸುವುದು ಎಲ್ಲಕ್ಕಿಂತ ಸುಲಭ. 2024ರ ಮಾರ್ಚ್‌ನಲ್ಲಿ ಕೇಂದ್ರ ಸರಕಾರ ಇಪ್ಪತ್ತಕ್ಕೂ ಹೆಚ್ಚು ತಳಿಗಳನ್ನು ಅಪಾಯಕಾರಿ ಎಂದು ಪಟ್ಟಿಮಾಡಿ ಸುತ್ತೋಲೆ ಕಳಿಸಿತು. ಸಂಬಂಧಪಟ್ಟವರನ್ನು ಕೇಳದೆ ಮಾಡಿದ್ದೆಂದು ಏಪ್ರಿಲ್‌ನಲ್ಲಿ ಕರ್ನಾಟಕ ಹೈಕೋರ್ಟ್ ಅದನ್ನು ರದ್ದುಮಾಡಿತು. ದೊಡ್ಡ ದವಡೆಯ ನಾಯಿ ಕಚ್ಚಿದರೆ ಗಾಯ ದೊಡ್ಡದು ಎನ್ನುವುದು ನಿಜ, ಅಂಥ ನಾಯಿ ಸಾಕುವವರ ಹೊಣೆಯೂ ದೊಡ್ಡದು. ಆದರೆ ನಾನು ನೋಡಿದ ಕಡಿತಗಳಲ್ಲಿ ಹೆಚ್ಚಿನವು ಯಾವ ಪಟ್ಟಿಗೂ ಸೇರದ ಮನೆನಾಯಿಗಳವು, ಮತ್ತು ಕಾರಣ ಅವುಗಳ ಕಿವಿಯಲ್ಲೋ ಸೊಂಟದಲ್ಲೋ ಸರಪಣಿಯಲ್ಲೋ ಇತ್ತು.

ಎಲ್ಲವೂ ಬ್ರೂನೊ, ರಾಜನ ಹಾಗೆ ಸುಖವಾಗಿ ಮುಗಿಯುವುದಿಲ್ಲ. ಮಿದುಳಿನಲ್ಲಿ ಗಡ್ಡೆ ಬೆಳೆದ, ಯಾವ ಔಷಧಕ್ಕೂ ಬಗ್ಗದ, ಮತ್ತೆ ಮತ್ತೆ ಆಳವಾಗಿ ಕಚ್ಚುವ ನಾಯಿಗಳಿವೆ. ಆಗ ನೋವಿಲ್ಲದೆ ಕೊನೆಗಾಣಿಸುವ ಮಾತನ್ನು ಮನೆಯವರ ಜೊತೆ ಕುಳಿತು ಆಡಿದ್ದೇನೆ. ಅದು ವೈದ್ಯರೇ ಮಾಡಬೇಕಾದ ಕೆಲಸ, ಎಲ್ಲ ಪರೀಕ್ಷೆ ಮುಗಿದ ಮೇಲಿನ ಕೆಲಸ. ಬೀದಿಗೆ ಬಿಡುವುದು ಅದಕ್ಕೆ ಬದಲಿಯಲ್ಲ. 1960ರ ಪ್ರಾಣಿಹಿಂಸೆ ತಡೆ ಕಾಯ್ದೆಯ 11ನೇ ಸೆಕ್ಷನ್ ಪ್ರಕಾರ, ಹಸಿವು ಬಾಯಾರಿಕೆಯಿಂದ ನರಳುವಂತೆ ಸಾಕುಪ್ರಾಣಿಯನ್ನು ಬಿಟ್ಟುಹೋಗುವುದು ಅಪರಾಧ. ಕಚ್ಚುವ ನಾಯಿಯನ್ನು ಕಡಲತೀರದಲ್ಲಿ ಬಿಟ್ಟರೆ ಅದು ಕಚ್ಚುವುದು ಬೇರೆ ಯಾರದೋ ಮಗುವನ್ನು.

ನಾಯಿ ಸಾಕಿದವರಲ್ಲಿ ಕೇಳಿಕೊಳ್ಳುತ್ತೇನೆ. ನಿಮ್ಮ ನಾಯಿಯ ಲಸಿಕೆಯ ಪುಸ್ತಕ ಹುಡುಕಿ ತೆಗೆಯಿರಿ. ರೇಬಿಸ್ ಲಸಿಕೆ ಹಾಕಿಸಿ ವರ್ಷ ದಾಟಿದ್ದರೆ ನಾಳೆ ಬೆಳಿಗ್ಗೆಯೇ ಹತ್ತಿರದ ಪಶು ಆಸ್ಪತ್ರೆಗೆ ಕರೆದುಕೊಂಡು ಬನ್ನಿ, ಬಂದಾಗ ಕಿವಿ, ಹಲ್ಲು, ಸೊಂಟವನ್ನೂ ನೋಡಲು ಹೇಳಿ.